ತವರಿನ ಬಾಗಿಲು ತೆರೆದಿರಲಿ

(ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ನಡೆದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಪ್ರತಿ ವರ್ಷ ಎಸ್.ಎಸ್.ಎಲ್.ಸಿ. ಮತ್ತು ಪಿ.ಯು.ಸಿ. ಫಲಿತಾಂಶ ಬಂದ ವಾರದಲ್ಲಿ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ. ಹುಡುಗಿ ಒಳ್ಳೆಯ ಅಂಕ ತೆಗೆದಿದ್ದಾಳೆ. ಮುಂದೆ ಓದಬೇಕಾದರೆ ಧಾರವಾಡಕ್ಕೋ, ಕಲಬುರಗಿಗೋ, ಬೆಂಗಳೂರಿಗೋ ಹೋಗಬೇಕು. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಯ ಮಗುವಾದರೆ ಬಳ್ಳಾರಿಗೆ ಬರುವುದೇ ಹಾಸ್ಟೆಲ್ ಸೇರಿದಂತೆ. ಆಗ ಮನೆಯ ಹಿರಿಯರು ಕೇಳುವ ಪ್ರಶ್ನೆ: "ತಂದೆ ತಾಯಿಯನ್ನು ಬಿಟ್ಟು ಹೆಣ್ಣುಮಗು ಹೇಗಿದ್ದೀತು?" ಕೆಲವರು ಈ ಪ್ರಶ್ನೆಗೆ ಹೆದರಿ ಓದನ್ನೇ ನಿಲ್ಲಿಸುತ್ತಾರೆ. ಇನ್ನು ಕೆಲವರು ಹಾಸ್ಟೆಲ್ ಬಾಗಿಲಲ್ಲಿ ಟ್ರಂಕು ಇಳಿಸಿ, ಶುಲ್ಕ ಕಟ್ಟಿ, ನಮ್ಮ ಕೆಲಸ ಮುಗಿಯಿತು ಎಂದು ಹಿಂತಿರುಗುತ್ತಾರೆ. ಈ ಎರಡೂ ದಾರಿ ಸರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಅದನ್ನು ಬರೀ ಉಪದೇಶವಾಗಿ ಹೇಳುವ ಬದಲು, ಹತ್ತೊಂಬತ್ತನೆಯ ಶತಮಾನದಲ್ಲಿ ತಂದೆ ತಾಯಿಯಿಂದ ದೂರ ಬದುಕಿದ ಒಬ್ಬ ಹುಡುಗಿಯ ಜೀವನವನ್ನು ನಿಮ್ಮ ಮುಂದೆ ಇಡುತ್ತೇನೆ. ಆಕೆ ನಮ್ಮ ಕನ್ನಡ ನಾಡಿನ ರಾಜಮನೆತನಕ್ಕೆ ಸೇರಿದವಳು.

ಅದಕ್ಕೆ ಮೊದಲು ಆ ಕಾಲದ ಸಾಮಾನ್ಯ ಹುಡುಗಿಯರ ಬಗ್ಗೆ ಒಂದು ಮಾತು. ಆಗ ಹೆಣ್ಣುಮಗು ತಂದೆ ತಾಯಿಯನ್ನು ಬಿಟ್ಟು ಹೋಗುತ್ತಿದ್ದದ್ದು ಓದಲಿಕ್ಕಲ್ಲ, ಮದುವೆಯಾಗಿ. ಅದೂ ಆಟವಾಡುವ ವಯಸ್ಸಿನಲ್ಲಿ. ಮದುವೆಯಾದ ಹುಡುಗಿ ಗಂಡನೊಡನೆ ಸಂಸಾರ ಮಾಡುವ ಕನಿಷ್ಠ ವಯಸ್ಸನ್ನು 1891ರಲ್ಲಿ ಸರ್ಕಾರ ಹತ್ತರಿಂದ ಹನ್ನೆರಡಕ್ಕೆ ಏರಿಸಿದಾಗ, ಇಷ್ಟಕ್ಕೇ ದೇಶದಲ್ಲಿ ದೊಡ್ಡ ಗದ್ದಲವಾಯಿತು. ಅಂಥ ಹುಡುಗಿಯ ದಿನಚರಿ ಎಂದರೆ ನೀರು, ಒಲೆ, ಬೀಸುವ ಕಲ್ಲು. ತವರಿಗೆ ಹೋಗುವ ದಿನವನ್ನು ಬೇರೆಯವರು ನಿಶ್ಚಯಿಸಬೇಕು. ನಮ್ಮ ಹೆಂಗಸರು ಬೀಸುವಾಗ ಹಾಡಿದ ಪದಗಳಲ್ಲಿ ತವರಿನ ನೆನಪು ಅಷ್ಟೊಂದು ಇರುವುದು ಅದಕ್ಕೇ. ಉತ್ತರದಲ್ಲಿ ಮಗಳನ್ನು ಕಳುಹಿಸುವಾಗ ತಂದೆಯನ್ನು 'ಬಾಬುಲ್' ಎಂದು ಕರೆದು ಹಾಡುವ ಹಾಡುಗಳಿವೆ. ಕನ್ನಡದಲ್ಲಿ ತವರು, ಉರ್ದುವಿನಲ್ಲಿ ಮೈಕಾ. ಎರಡು ಭಾಷೆ, ಒಂದೇ ಹಂಬಲ.

ಈಗ ನಾನು ಹೇಳಬೇಕಾದ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಆಕೆಯ ಹೆಸರು ಗೌರಮ್ಮ. ಕೊಡಗಿನ ಕೊನೆಯ ಅರಸ ಚಿಕ್ಕ ವೀರರಾಜೇಂದ್ರನ ಮಗಳು. ಮಾಸ್ತಿಯವರು 1956ರಲ್ಲಿ ಪ್ರಕಟಿಸಿದ 'ಚಿಕವೀರ ರಾಜೇಂದ್ರ' ಕಾದಂಬರಿಯಿಂದ ಈ ಅರಸನ ಹೆಸರು ನಮಗೆಲ್ಲ ಪರಿಚಿತ. ಮಾಸ್ತಿಯವರಿಗೆ 1983ರ ಜ್ಞಾನಪೀಠ ಪ್ರಶಸ್ತಿ ಬಂದಾಗ ಹೆಚ್ಚು ನೆನೆಸಿಕೊಂಡದ್ದು ಈ ಕೃತಿಯನ್ನೇ. ಹಾಲೇರಿಯ ಈ ಮನೆತನದ ದರ್ಬಾರಿನ ಭಾಷೆ ಕನ್ನಡವಾಗಿತ್ತು. ಸುಮಾರು 1808ರಲ್ಲಿ ದೊಡ್ಡ ವೀರರಾಜೇಂದ್ರ ತನ್ನ ಮನೆತನದ ಚರಿತ್ರೆಯನ್ನು ಕನ್ನಡದಲ್ಲಿ ಬರೆಸಿದ. ಅದರ ಹೆಸರು 'ರಾಜೇಂದ್ರನಾಮೆ'. 'ನಾಮೆ' ಎಂಬುದು ಫಾರ್ಸಿ ಪದ. ಶಾಹನಾಮೆ, ಅಕ್ಬರನಾಮೆ ಎನ್ನುತ್ತೇವಲ್ಲ, ಅದೇ. ಎರಡು ಭಾಷೆಗಳನ್ನು ಕಲಿಸುವ ನನ್ನಂಥವರಿಗೆ ಆ ಹೆಸರನ್ನು ನೋಡಿದರೇ ಸಂತೋಷ.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಕೊಡಗನ್ನು ವಶಪಡಿಸಿಕೊಂಡಿತು. ಅರಸನನ್ನು ಮೊದಲು ವೆಲ್ಲೂರಿಗೆ, ಅನಂತರ ದೂರದ ಕಾಶಿಗೆ ಕಳುಹಿಸಿದರು. ಗೌರಮ್ಮ ಹುಟ್ಟಿದ್ದು 1841ರಲ್ಲಿ, ಆ ಗಡೀಪಾರಿನ ದಿನಗಳಲ್ಲೇ. ಅರಸನ ಹಣ ಕಂಪನಿಯ ವಶದಲ್ಲಿತ್ತು. ಅದನ್ನು ಕೇಳಿ ಪಡೆಯಬೇಕು, ಜೊತೆಗೆ ಮಗಳನ್ನು ಇಂಗ್ಲೆಂಡಿನ ರಾಣಿಯ ಆಶ್ರಯದಲ್ಲಿ ಬೆಳೆಸಬೇಕು ಎಂದು ಆತ 1852ರಲ್ಲಿ ಮಗಳನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಸುಯೆಜ್ ಕಾಲುವೆ ತೆರೆದದ್ದು 1869ರಲ್ಲಿ. ಅಂದರೆ ಆಗ ಇಂಗ್ಲೆಂಡಿಗೆ ಹಡಗಿನ ನೇರ ದಾರಿಯೆಂದರೆ ಆಫ್ರಿಕಾ ಖಂಡವನ್ನೇ ಸುತ್ತುವುದು, ಇಲ್ಲವೇ ನಡುವೆ ಇಳಿದು ಈಜಿಪ್ಟಿನ ನೆಲವನ್ನು ದಾಟುವುದು. ಒಂದು ಕಾಗದ ತಲುಪಲು ತಿಂಗಳಿಗಿಂತ ಹೆಚ್ಚು ಬೇಕಾಗುತ್ತಿತ್ತು.

ಆ ವರ್ಷವೇ ಹನ್ನೊಂದು ವಯಸ್ಸಿನ ಗೌರಮ್ಮನಿಗೆ ದೀಕ್ಷಾಸ್ನಾನ ಮಾಡಿಸಿದರು. ವಿಕ್ಟೋರಿಯಾ ರಾಣಿಯೇ ಧರ್ಮತಾಯಿಯಾಗಿ ನಿಂತು ತನ್ನ ಹೆಸರನ್ನು ಕೊಟ್ಟಳು. ಅಂದಿನಿಂದ ಆಕೆ ವಿಕ್ಟೋರಿಯಾ ಗೌರಮ್ಮ. ಯಾವ ಧರ್ಮ ದೊಡ್ಡದು ಎಂಬ ಮಾತನ್ನು ನಾನು ಇಲ್ಲಿ ಎತ್ತುವುದಿಲ್ಲ. ನಾನು ಗಮನಿಸುವುದು ಇಷ್ಟೇ: ನಿರ್ಧಾರ ತಂದೆಯದು, ಒಪ್ಪಿಗೆ ರಾಣಿಯದು, ಬದುಕು ಮಾತ್ರ ಹುಡುಗಿಯದು.

ಅನಂತರ ಆಕೆಯನ್ನು ಡ್ರಮಂಡ್ ಎಂಬ ಸೇನಾಧಿಕಾರಿ ದಂಪತಿಗಳ ಮನೆಯಲ್ಲಿ ಇರಿಸಿದರು. ಆ ಕಾಲದಲ್ಲಿ ಇಂಗ್ಲೆಂಡಿನ ಅಂಥ ಮನೆಗಳಲ್ಲಿ ಹುಡುಗಿಯರ ದಿನ ಹೇಗೆ ಕಳೆಯುತ್ತಿತ್ತು ಎಂದು ವಿದ್ಯಾರ್ಥಿನಿಯರು ಕೇಳಬಹುದು. ಕಲ್ಲಿದ್ದಲ ಬೆಂಕಿಯಿಂದ ಬೆಚ್ಚಗಾದ ಕೋಣೆ. ಬೆಳಿಗ್ಗೆ ಮನೆಮಂದಿಯೆಲ್ಲ ಸೇರಿ ಪ್ರಾರ್ಥನೆ. ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಗವರ್ನೆಸ್ ಬಂದು ಪಾಠ ಹೇಳುತ್ತಾಳೆ. ಇಂಗ್ಲಿಷ್ ಓದು, ಸ್ವಲ್ಪ ಫ್ರೆಂಚ್, ಪಿಯಾನೋ, ಚಿತ್ರ, ಹೊಲಿಗೆ. ಮಧ್ಯಾಹ್ನ ಪರಿಚಯದವರ ಮನೆಗೆ ಭೇಟಿ. ಸಂಜೆಗೆ ಬೇರೆ ಉಡುಪು. ಒಬ್ಬಳೇ ಬೀದಿಗೆ ಹೋಗುವ ಹಾಗಿಲ್ಲ. ಕಾಲೇಜು ಶಿಕ್ಷಣದ ಮಾತೇ ಇಲ್ಲ. ಕೇಂಬ್ರಿಜ್ ಕಡೆಯ ಹೆಣ್ಣುಮಕ್ಕಳ ಗರ್ಟನ್ ಕಾಲೇಜು ಆರಂಭವಾದದ್ದೇ 1869ರಲ್ಲಿ. ಒಟ್ಟಿನಲ್ಲಿ ಸಭೆಯಲ್ಲಿ ಚೆಂದವಾಗಿ ಕೂರುವುದನ್ನು ಕಲಿಸಿದರು, ಸ್ವಂತ ಕಾಲ ಮೇಲೆ ನಿಲ್ಲುವುದನ್ನು ಕಲಿಸಲಿಲ್ಲ. ಪರದಾ ನಮ್ಮಲ್ಲಿ ಮಾತ್ರ ಇತ್ತು ಎಂದುಕೊಂಡವರು ಅಂದಿನ ಇಂಗ್ಲೆಂಡಿನ ದೊಡ್ಡ ಮನೆಗಳ ದಿನಚರಿಯನ್ನು ಓದಬೇಕು.

ವಿಂಟರ್‌ಹಾಲ್ಟರ್ ಎಂಬ ಪ್ರಸಿದ್ಧ ಚಿತ್ರಕಾರ 1854ರಲ್ಲಿ ರಾಣಿಗಾಗಿ ಬರೆದ ಗೌರಮ್ಮನ ಚಿತ್ರ ಇಂದಿಗೂ ಬ್ರಿಟನ್ನಿನ ಅರಮನೆಯ ಸಂಗ್ರಹದಲ್ಲಿದೆ. ಹದಿಮೂರರ ಹುಡುಗಿ, ಭಾರತದ ಉಡುಪು, ಮೈತುಂಬ ಒಡವೆ, ಕೈಯಲ್ಲಿ ಬೈಬಲ್. ನೋಡುವವರಿಗೆ ಆಕೆ ಭಾರತದವಳಾಗಿ ಕಾಣಬೇಕು. ಆದರೆ ಆಕೆಯ ಪಾಠ, ಪ್ರಾರ್ಥನೆ, ಮಾತುಕತೆ ಎಲ್ಲವೂ ಇಂಗ್ಲಿಷಿನಲ್ಲಿ.

ತಂದೆ ಎಲ್ಲಿದ್ದ? ಅದೇ ಇಂಗ್ಲೆಂಡಿನಲ್ಲೇ ಇದ್ದ. ಆದರೆ ಮಗಳ ಮೇಲೆ ತಂದೆಯ ಪ್ರಭಾವ ಬೀಳಬಾರದು ಎಂದು ಅವರಿಬ್ಬರ ಭೇಟಿಗೆ ಮಿತಿ ಹಾಕಿದ್ದರು. ಸಮುದ್ರ ನಡುವೆ ಇದ್ದರೆ ಮನಸ್ಸಿಗೆ ಸಮಾಧಾನ ಹೇಳಿಕೊಳ್ಳಬಹುದು. ಒಂದೇ ದೇಶದಲ್ಲಿದ್ದೂ ಅನುಮತಿ ಕೇಳಿ ತಂದೆಯನ್ನು ನೋಡಬೇಕಾದರೆ ಆ ದೂರವನ್ನು ಯಾವ ಮೈಲಿಯಲ್ಲಿ ಅಳೆಯುವುದು? ಹಣದ ಮೊಕದ್ದಮೆಯಲ್ಲಿ ಅರಸನಿಗೆ ಜಯ ಸಿಗಲಿಲ್ಲ. 1859ರಲ್ಲಿ ಆತ ಲಂಡನ್ನಿನಲ್ಲೇ ತೀರಿಕೊಂಡ. ಅಲ್ಲಿನ ಕೆನ್ಸಲ್ ಗ್ರೀನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಆಗ ಗೌರಮ್ಮನಿಗೆ ಹದಿನೆಂಟು ವರ್ಷ.

ಈ ನಡುವೆ ಆಕೆಯನ್ನು ಡ್ರಮಂಡ್ ಅವರ ಮನೆಯಿಂದ ಸರ್ ಜಾನ್ ಲಾಗಿನ್ ದಂಪತಿಗಳ ರಕ್ಷಣೆಗೆ ವರ್ಗಾಯಿಸಿದ್ದರು. ಪಂಜಾಬಿನ ಬಾಲರಾಜ ದುಲೀಪ್ ಸಿಂಗ್ ಬೆಳೆದದ್ದೂ ಇದೇ ಲಾಗಿನ್ ಅವರ ಕೈಯಲ್ಲಿ. ಆತನೂ ರಾಜ್ಯ ಕಳೆದುಕೊಂಡವನು, ಆತನೂ ಧರ್ಮ ಬದಲಿಸಿದವನು. ಇಬ್ಬರಿಗೂ ಮದುವೆಯಾದರೆ ಒಳ್ಳೆಯದೆಂದು ರಾಣಿಯ ಆಸೆ. ದುಲೀಪ್ ಸಿಂಗ್ ಒಪ್ಪಲಿಲ್ಲ. ಆತನ ಬಾಳಿನಲ್ಲಿ ಒಂದು ಘಟನೆ ಗಮನಿಸಬೇಕಾದದ್ದು. ತಾಯಿ ರಾಣಿ ಜಿಂದ್ ಕೌರ್ ಅವರಿಂದ ಬಾಲ್ಯದಲ್ಲೇ ಬೇರ್ಪಟ್ಟಿದ್ದ ಆತ ಹದಿಮೂರು ವರ್ಷಗಳ ನಂತರ, 1861ರಲ್ಲಿ, ಕಲ್ಕತ್ತೆಯಲ್ಲಿ ತಾಯಿಯನ್ನು ಕಂಡ. ಜೊತೆಯಲ್ಲೇ ಇಂಗ್ಲೆಂಡಿಗೆ ಕರೆದುಕೊಂಡು ಹೋದ. 1863ರಲ್ಲಿ ಆಕೆ ಕಣ್ಣು ಮುಚ್ಚುವವರೆಗೆ ತಾಯಿ ಮಗ ಒಂದೇ ದೇಶದಲ್ಲಿದ್ದರು. ಮುಂದಿನ ದಿನಗಳಲ್ಲಿ ಆತ ತನ್ನ ಧರ್ಮಕ್ಕೆ ಮರಳಿ, ತನ್ನ ರಾಜ್ಯದ ಹಕ್ಕನ್ನು ಕೇಳಲು ನಿಂತ. ಹೆತ್ತವರೊಡನೆ ಎರಡು ವರ್ಷ ಇರಲು ಸಿಕ್ಕರೂ ಮನುಷ್ಯನಿಗೆ ತಾನು ಯಾರೆಂಬುದು ನೆನಪಾಗುತ್ತದೆ. ಗೌರಮ್ಮನಿಗೆ ಆ ಅವಕಾಶ ಬರಲಿಲ್ಲ.

1860ರಲ್ಲಿ ಆಕೆಯ ಮದುವೆಯಾಯಿತು. ವರ ಕರ್ನಲ್ ಜಾನ್ ಕ್ಯಾಂಪ್‌ಬೆಲ್, ಲೇಡಿ ಲಾಗಿನ್ ಅವರ ಸಹೋದರ. ವಯಸ್ಸಿನಲ್ಲಿ ಆಕೆಗಿಂತ ಬಹಳ ದೊಡ್ಡವರು. 1861ರಲ್ಲಿ ಎಡಿತ್ ಎಂಬ ಹೆಣ್ಣುಮಗು ಹುಟ್ಟಿತು. 1864ರಲ್ಲಿ ಗೌರಮ್ಮ ಕ್ಷಯರೋಗದಿಂದ ತೀರಿಕೊಂಡಳು. ವಯಸ್ಸು ಇಪ್ಪತ್ತಮೂರೂ ತುಂಬಿರಲಿಲ್ಲ. ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ ಆಕೆಯ ಸಮಾಧಿ ಇದೆ. ತಂದೆ ಒಂದು ಕಡೆ, ಮಗಳು ಒಂದು ಕಡೆ.

ಬಂಧುಗಳೇ, ಈ ಹುಡುಗಿಗೆ ಏನು ಕಡಿಮೆಯಾಗಿತ್ತು? ಊಟಕ್ಕೆ ಕೊರತೆ ಇಲ್ಲ, ಬಟ್ಟೆಗೆ ಕೊರತೆ ಇಲ್ಲ. ಲೋಕದ ಅತ್ಯಂತ ಬಲಿಷ್ಠ ರಾಣಿ ಆಕೆಯ ಧರ್ಮತಾಯಿ. ನಮ್ಮ ಯಾವ ಹಾಸ್ಟೆಲೂ ಕೊಡಲಾಗದ ಸೌಕರ್ಯ. ಕೊರತೆ ಇದ್ದದ್ದು ಮೂರು ವಿಷಯಗಳಲ್ಲಿ. ದೂರ ಹೋಗುವ ನಿರ್ಧಾರ ಆಕೆಯದಾಗಿರಲಿಲ್ಲ. ಕಲಿತ ವಿದ್ಯೆ ಆಕೆಯ ಉಪಯೋಗಕ್ಕೆ ಇರಲಿಲ್ಲ. ಹಿಂದಿರುಗುವ ಬಾಗಿಲನ್ನು ಬೇರೆಯವರು ಮುಚ್ಚಿದ್ದರು. ತಂದೆ ತಾಯಿಯಿಂದ ದೂರ ಇದ್ದದ್ದರಿಂದಲೇ ಆಕೆ ಬಡವಾದಳು ಎಂದು ನಾನು ಹೇಳುವುದಿಲ್ಲ. ಯಾಕೆಂದರೆ ದೂರ ಹೋಗಿಯೂ ಶ್ರೀಮಂತರಾಗಿ ಬಂದ ಹೆಣ್ಣುಮಕ್ಕಳಿದ್ದಾರೆ.

ಒಬ್ಬರು ಆನಂದಿಬಾಯಿ ಜೋಶಿ. 1865ರಲ್ಲಿ ಹುಟ್ಟಿ, ಒಂಬತ್ತನೆಯ ವಯಸ್ಸಿಗೆ ಮದುವೆಯಾದವರು. ಹದಿನಾಲ್ಕರಲ್ಲಿ ಹೆತ್ತ ಮಗು ಹತ್ತೇ ದಿನ ಬದುಕಿತು. ಹೆಂಗಸರಿಗೆ ಹೆಂಗಸೇ ವೈದ್ಯೆಯಾಗಬೇಕು ಎಂದು ಸಂಕಲ್ಪ ಮಾಡಿ, ಹದಿನೆಂಟನೆಯ ವಯಸ್ಸಿನಲ್ಲಿ, 1883ರಲ್ಲಿ, ಗಂಡನನ್ನೂ ಬಿಟ್ಟು ಒಬ್ಬರೇ ಅಮೆರಿಕಕ್ಕೆ ಹಡಗು ಹತ್ತಿದರು. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು. ಸೀರೆ ಬಿಡಲಿಲ್ಲ, ಸಸ್ಯಾಹಾರ ಬಿಡಲಿಲ್ಲ. ಚಳಿ ಮೈಗೆ ಒಗ್ಗಲಿಲ್ಲ. ಆದರೆ ಅಲ್ಲಿ ಶ್ರೀಮತಿ ಕಾರ್ಪೆಂಟರ್ ಎಂಬ ಗೃಹಿಣಿ ಸ್ವಂತ ಮಗಳಂತೆ ನೋಡಿಕೊಂಡರು. 1885ರಲ್ಲಿ ತೆಗೆದ ಒಂದು ಫೋಟೋ ಇದೆ. ಭಾರತದ ಆನಂದಿ, ಜಪಾನಿನ ಕೆಯ್ ಒಕಾಮಿ, ಡಮಾಸ್ಕಸ್‌ನ ಸಬತ್ ಇಸ್ಲಾಂಬೂಲಿ, ಮೂವರೂ ತಮ್ಮ ತಮ್ಮ ದೇಶದ ಉಡುಪಿನಲ್ಲಿ ಕುಳಿತಿದ್ದಾರೆ. ಗೌರಮ್ಮನ ಚಿತ್ರದಲ್ಲೂ ಸ್ವದೇಶದ ಉಡುಪೇ ಇತ್ತು, ಆದರೆ ಅದು ರಾಣಿಗಾಗಿ ಬರೆದ ಚಿತ್ರ. ಈ ಮೂವರು ಕುಳಿತದ್ದು ವೈದ್ಯಕೀಯ ವಿದ್ಯಾರ್ಥಿನಿಯರಾಗಿ. ಆನಂದಿಬಾಯಿ 1886ರಲ್ಲಿ ಪದವಿ ಪಡೆದರು. ನಮ್ಮ ಬೆಳಗಾವಿಯ ನೆರೆಯ ಕೊಲ್ಲಾಪುರದ ಆಸ್ಪತ್ರೆಯಲ್ಲಿ ಹುದ್ದೆಯೂ ಸಿಕ್ಕಿತು. ಆದರೆ 1887ರ ಫೆಬ್ರವರಿಯಲ್ಲಿ ಕ್ಷಯರೋಗ ಅವರನ್ನೂ ಕೊಂಡೊಯ್ದಿತು. ವಯಸ್ಸು ಇಪ್ಪತ್ತೊಂದು. ಗೌರಮ್ಮನಿಗಿಂತ ಕಡಿಮೆ ವರ್ಷ ಬದುಕಿದರು. ಆದರೂ ಆ ವರ್ಷಗಳು ಅವರದಾಗಿದ್ದವು.

ಇನ್ನೊಬ್ಬರು ಅತಿಯಾ ಫೈಜಿ. ಇವರ ಪ್ರವಾಸ ಸ್ವಲ್ಪ ಈಚಿನದು, 1906ರದು. ನಮ್ಮ ಬಿ.ಎಡ್. ವಿದ್ಯಾರ್ಥಿಗಳು ಇವರ ಹೆಸರನ್ನು ನೆನಪಿಡಬೇಕು. ಯಾಕೆಂದರೆ ಅವರು ಮುಂಬೈಯಿಂದ ಸರ್ಕಾರದ ವಿದ್ಯಾರ್ಥಿವೇತನ ಪಡೆದು ಲಂಡನ್ನಿಗೆ ಹೋದದ್ದು ಶಿಕ್ಷಕಿಯ ತರಬೇತಿಗಾಗಿ, ಮರಿಯಾ ಗ್ರೇ ಟ್ರೈನಿಂಗ್ ಕಾಲೇಜಿಗೆ. ತಮ್ಮ ದಿನಚರಿಯನ್ನು ಅವರು ಉರ್ದುವಿನಲ್ಲಿ ಬರೆದು ಅಕ್ಕ ಜೊಹ್ರಾಗೆ ಕಳುಹಿಸುತ್ತಿದ್ದರು. ಅದು ಲಾಹೋರಿನ 'ತಹಜೀಬ್-ಎ-ನಿಸ್ವಾಂ' ಎಂಬ ಮಹಿಳೆಯರ ಪತ್ರಿಕೆಯಲ್ಲಿ ಅಚ್ಚಾಯಿತು. 1898ರಲ್ಲಿ ಆರಂಭವಾದ ಆ ಪತ್ರಿಕೆಯ ಸಂಪಾದಕಿ ಮುಹಮ್ಮದಿ ಬೇಗಂ. ಮನೆಯಿಂದ ಹೊರಗೆ ಕಾಲಿಡದ ಹೆಂಗಸರು ಕೂಡ ಲಂಡನ್ನಿನ ತರಗತಿ, ಅಲ್ಲಿನ ಚಳಿ, ಅಲ್ಲಿನ ಜನರ ವಿಷಯವನ್ನು ತಮ್ಮ ಭಾಷೆಯಲ್ಲೇ ಓದಿದರು. ಅದೆಲ್ಲ ಸೇರಿ 1921ರಲ್ಲಿ 'ಜಮಾನಾ-ಎ-ತಹಸೀಲ್' ಎಂಬ ಪುಸ್ತಕವಾಯಿತು. ಓದಿನ ಕಾಲ ಎಂದು ಅದರ ಅರ್ಥ. ಅನಾರೋಗ್ಯದಿಂದ ಅತಿಯಾ ತರಬೇತಿ ಮುಗಿಸದೆ 1907ರಲ್ಲಿ ಹಿಂತಿರುಗಿದರು. ಪ್ರಮಾಣಪತ್ರ ಬರಲಿಲ್ಲ. ಆದರೆ ಆ ಒಂದು ವರ್ಷದಲ್ಲಿ ಆಕೆ ಒಬ್ಬಳೇ ಕಲಿಯಲಿಲ್ಲ, ಮನೆಯಲ್ಲಿದ್ದ ನೂರಾರು ಹೆಂಗಸರು ಜೊತೆಯಲ್ಲಿ ಕಲಿತರು.

ಈ ಮೂವರ ನಡುವಿನ ವ್ಯತ್ಯಾಸವನ್ನು ತರಗತಿಯಲ್ಲಿ ಯೋಚಿಸುವಾಗ ನನಗೆ ಪತ್ರಲೇಖನದ ಪಾಠ ನೆನಪಾಗುತ್ತದೆ. ಕನ್ನಡ ಪರೀಕ್ಷೆಯಲ್ಲಿ ಒಂದು ಹಳೆಯ ಪ್ರಶ್ನೆ ಇದೆ. ನೀವು ಹಾಸ್ಟೆಲಿನಲ್ಲಿ ಓದುತ್ತಿದ್ದೀರಿ ಎಂದು ಭಾವಿಸಿ, ಶೈಕ್ಷಣಿಕ ಪ್ರವಾಸಕ್ಕೆ ಹಣ ಕಳುಹಿಸುವಂತೆ ತಂದೆಗೆ ಪತ್ರ ಬರೆಯಿರಿ. ಎಲ್ಲ ಮಕ್ಕಳೂ ಒಂದೇ ರೀತಿ ಬರೆಯುತ್ತಾರೆ: ನಾನು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ. ಉರ್ದು ತರಗತಿಯಲ್ಲೂ ಅಷ್ಟೇ, ಖೈರಿಯತ್ ಎಂಬ ಪದದಿಂದಲೇ ಖತ್ ಆರಂಭ. ಐದು ಅಂಕಕ್ಕೆ ಇದು ಸಾಕು. ಬದುಕಿಗೆ ಸಾಲದು. ಇಂದು ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇದೆ. ಗೌರಮ್ಮನ ಕಾಲದಲ್ಲಿ ತಿಂಗಳು ಹಿಡಿಯುತ್ತಿದ್ದ ಸುದ್ದಿ ಕ್ಷಣದಲ್ಲಿ ಬರುತ್ತದೆ. ಆದರೂ ಹಾಸ್ಟೆಲಿನ ಮಗಳ ಜೊತೆ ನಾವು ಆಡುವ ಮಾತೇನು? "ಊಟ ಆಯ್ತಾ?" "ಆಯ್ತು." "ಓದ್ತಿದ್ದೀಯಾ?" "ಓದ್ತಿದ್ದೀನಿ." "ಸರಿ, ಇಡ್ತೀನಿ." ಇದು ಅದೇ ಐದು ಅಂಕದ ಪತ್ರ. ಅಳಬೇಕೆನಿಸಿದ ಮಗು 'ನಾನು ಇಲ್ಲಿ ಕ್ಷೇಮ' ಎಂದೇ ಹೇಳುತ್ತದೆ. ಯಾಕೆ? ಕಷ್ಟ ಹೇಳಿದರೆ "ಹಾಗಾದರೆ ವಾಪಸ್ ಬಾ, ಓದು ಸಾಕು, ಮದುವೆ ಮಾಡುತ್ತೇವೆ" ಎಂಬ ಉತ್ತರ ಬರುತ್ತದೆ ಎಂಬ ಭಯ. ಈ ಭಯವೂ ಬಾಗಿಲು ಮುಚ್ಚಿದಂತೆಯೇ.

ಆದ್ದರಿಂದ ಪೋಷಕರಲ್ಲಿ ನನ್ನದು ಮೂರು ವಿನಂತಿ.

ಮೊದಲನೆಯದಾಗಿ, ಮಗಳನ್ನು ಕಳುಹಿಸುವ ಮೊದಲು ಮಗಳನ್ನು ಕೇಳಿ. ಯಾವ ಕೋರ್ಸು, ಯಾವ ಊರು, ಯಾವ ಹಾಸ್ಟೆಲು ಎಂಬುದನ್ನು ಆಕೆಯ ಎದುರಿಗೇ ಚರ್ಚಿಸಿ. ಸಾಧ್ಯವಾದರೆ ಮೊದಲೇ ಕರೆದುಕೊಂಡು ಹೋಗಿ ತೋರಿಸಿ. ನೀರು ಹೇಗೆ, ಬೀಗ ಹೇಗೆ, ಮೇಲ್ವಿಚಾರಕಿ ಯಾರು, ಹಬ್ಬಕ್ಕೆ ರಜೆ ಎಷ್ಟು ಎಂಬುದನ್ನು ಆಕೆಯೇ ಕೇಳಿ ತಿಳಿಯಲಿ.

ಎರಡನೆಯದಾಗಿ, ಕಷ್ಟ ಹೇಳಿಕೊಂಡರೆ ಶಿಕ್ಷೆ ಕೊಡಬೇಡಿ. "ಹೇಳು, ಕೇಳುತ್ತೇನೆ. ಇದಕ್ಕಾಗಿ ನಿನ್ನ ಓದು ನಿಲ್ಲುವುದಿಲ್ಲ" ಎಂದು ಒಂದು ಮಾತು ಕೊಡಿ. ಆ ಮಾತು ಆಕೆಯ ಕೈಯಲ್ಲಿದ್ದರೆ ಎಲ್ಲಿದ್ದರೂ ಆಕೆ ನಿಮ್ಮ ಮಗಳೇ. ತಿಂಗಳಿಗೊಮ್ಮೆ ಹೋಗಿ ನೋಡಿ ಬನ್ನಿ. ತಂದೆಯೇ ಹೋಗಿ. ಗೌರಮ್ಮನ ತಂದೆಗೆ ಇಲ್ಲದಿದ್ದ ಅವಕಾಶ ನಿಮಗಿದೆ. ಬಸ್ಸಿನ ಟಿಕೆಟ್ ಇದ್ದರೆ ಸಾಕು.

ಮೂರನೆಯದಾಗಿ, ಮನೆಯ ಭಾಷೆಯನ್ನು ಬಿಡಿಸಬೇಡಿ. ಇಂಗ್ಲಿಷ್ ಕಲಿಯಲಿ, ಚೆನ್ನಾಗಿ ಕಲಿಯಲಿ. ಕನ್ನಡ ಅನ್ನ ಕೊಡುವ ನಾಡಿನ ಭಾಷೆ, ಅದರಲ್ಲಿ ಗಟ್ಟಿಯಾಗಲಿ. ಮನೆಯಲ್ಲಿ ಉರ್ದು ಇದ್ದರೆ ಅಜ್ಜಿಗೆ ಒಂದು ಖತ್ ಬರೆಯುವಷ್ಟು ಉರ್ದು ಉಳಿಯಲಿ. ಅಜ್ಜಿಯ ಜೊತೆ ಮಾತಾಡಲು ಬಾರದ ಮೊಮ್ಮಗಳು ಎಷ್ಟು ಪದವಿ ಪಡೆದರೂ ಆ ಮನೆಯಲ್ಲಿ ಅತಿಥಿಯಂತಾಗುತ್ತಾಳೆ.

ಸಂಸ್ಥೆಯ ಹಿರಿಯರಿಗೂ ಒಂದು ಮಾತು. ಹಿಂದುಳಿದ ತಾಲ್ಲೂಕುಗಳ ಹೆಣ್ಣುಮಕ್ಕಳಿಗಾಗಿ 2004ರಲ್ಲಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯ ಯೋಜನೆ ಬಂತು. ಅದರಲ್ಲಿ ಅಲ್ಪಸಂಖ್ಯಾತ ಸಮುದಾಯದ ಮಕ್ಕಳನ್ನೂ ಸೇರಿಸಿದ್ದಾರೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಿವೆ, ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಯ ವಿದ್ಯಾರ್ಥಿನಿಲಯಗಳಿವೆ. ಅರ್ಜಿ ತುಂಬಿಸಿ ಸೀಟು ಕೊಡಿಸುವ ಒಳ್ಳೆಯ ಕೆಲಸವನ್ನು ನಮ್ಮವರು ಮಾಡುತ್ತಾರೆ. ಅಲ್ಲಿಗೇ ನಿಲ್ಲಬಾರದು. ನಮ್ಮಿಂದ ಹೋದ ಪ್ರತಿ ಹುಡುಗಿಗೂ ಆ ಊರಿನಲ್ಲಿ ಒಬ್ಬ ಶ್ರೀಮತಿ ಕಾರ್ಪೆಂಟರ್ ಬೇಕು. ಜ್ವರ ಬಂದರೆ ಗಂಜಿ ಕಳುಹಿಸುವ, ರಜೆಯಲ್ಲಿ ಒಂದು ದಿನ ಮನೆಗೆ ಕರೆಯುವ ಒಂದು ಕುಟುಂಬ. ಅಂಥ ಕುಟುಂಬಗಳ ಪಟ್ಟಿಯನ್ನು ಸಂಸ್ಥೆ ತಯಾರಿಸಲಿ. ಇದಕ್ಕೆ ದೊಡ್ಡ ದೇಣಿಗೆ ಬೇಡ, ಒಂದು ನೋಟ್‌ಬುಕ್ ಸಾಕು.

ಕೊನೆಯದಾಗಿ ನನ್ನ ಪ್ರೀತಿಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರು ಬರುವ ಜೂನ್ ಹೊತ್ತಿಗೆ ಟ್ರಂಕು ಕಟ್ಟುತ್ತೀರಿ. ಹೋಗಿ, ಹೆದರಬೇಡಿ. ಆನಂದಿಗೆ ನಿಮ್ಮ ವಯಸ್ಸೇ ಇತ್ತು. ಅತಿಯಾ ಬರೆದಂತೆ ನೀವೂ ವಾರಕ್ಕೆ ಒಂದು ಪುಟ ಬರೆಯಿರಿ. ತಿಂದದ್ದು, ಓದಿದ್ದು, ನಕ್ಕದ್ದು, ಅತ್ತದ್ದು ಎಲ್ಲವನ್ನೂ. ಅದನ್ನು ಮನೆಯ ತಂಗಿಗೆ ಕಳುಹಿಸಿ. ನಿಮ್ಮ ಹಿಂದೆ ಬರಲಿರುವವಳು ಅವಳೇ.